ಹಾಲು, ಬ್ರೆಡ್ ಪಥ್ಯದಿಂದ ಅಲ್ಸರ್ ವಾಸಿಯಾಗುತ್ತದೆಯೇ? ಜರ್ಮನಿಯ ‘ಬಿಳಿ ಬ್ರೆಡ್ ಡಿವಿಷನ್’ ಹೇಳುವ ಕಥೆ

ಹೊಟ್ಟೆಹುಣ್ಣು ಅಂದರೆ ಅಲ್ಸರ್ ಇರುವವರು ಖಾರ ಬಿಡಬೇಕು, ಹಾಲು ಕುಡಿದು ಮೆತ್ತನೆಯ ಆಹಾರ ತಿನ್ನಬೇಕು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯು ಇಂಥ ಪಥ್ಯದವರಿಗಾಗಿಯೇ ಒಂದು ಸೇನಾ ಡಿವಿಷನ್ ಕಟ್ಟಿತ್ತು.

ಏನಿದು ಬಿಳಿ ಬ್ರೆಡ್ ಡಿವಿಷನ್?

1944ರ ಹೊತ್ತಿಗೆ ಜರ್ಮನ್ ಸೇನೆಗೆ ಸೈನಿಕರ ತೀವ್ರ ಕೊರತೆ ಎದುರಾಗಿತ್ತು. ಹೊಟ್ಟೆಯ ಕಾಯಿಲೆ ಇದ್ದವರನ್ನೂ ಬಿಡುವಂತಿರಲಿಲ್ಲ. ಹಾಗೆಂದು ಅವರಿಗೆ ಎಲ್ಲ ಕಡೆ ಬೇರೆ ಅಡುಗೆ ಮಾಡಿ ಹಾಕುವುದೂ ಕಷ್ಟ. ಆದ್ದರಿಂದ ಅಂಥವರನ್ನು ಒಟ್ಟುಗೂಡಿಸಿ 70ನೇ ಇನ್‌ಫೆಂಟ್ರಿ ಡಿವಿಷನ್‌ಗೆ ಸೇರಿಸಲಾಯಿತು. ನೆದರ್‌ಲ್ಯಾಂಡ್ಸ್‌ನ ವಾಲ್ಖೆರೆನ್ ದ್ವೀಪದಲ್ಲಿ ಅವರನ್ನು ಇರಿಸಿದರು. ಒರಟು ಸೇನಾ ಬ್ರೆಡ್ಡಿನ ಬದಲು ಬಿಳಿ ಬ್ರೆಡ್, ಹಾಲು, ಮೊಟ್ಟೆ ಕೊಡುತ್ತಿದ್ದರಿಂದ ಆ ಅಡ್ಡಹೆಸರು ಬಂತು.

ಅದರ ಕೊನೆ ಹೇಗಾಯಿತು?

ಬೆಲ್ಜಿಯಂನ ಆಂಟ್‌ವರ್ಪ್ ಬಂದರು 1944ರ ಸೆಪ್ಟೆಂಬರ್ 4ರಂದು ಮಿತ್ರರಾಷ್ಟ್ರಗಳ ಕೈಸೇರಿತು. ಆದರೆ ಅಲ್ಲಿಗೆ ಹೋಗುವ ಶೆಲ್ಟ್ ನದಿಯ ಮುಖಜದಲ್ಲೇ ವಾಲ್ಖೆರೆನ್ ಇತ್ತು. ಅಕ್ಟೋಬರ್ 3ರಂದು ಬ್ರಿಟಿಷ್ ವಿಮಾನಗಳು ದ್ವೀಪದ ಸಮುದ್ರ ಒಡ್ಡನ್ನು ಒಡೆದವು. ತಗ್ಗು ಪ್ರದೇಶವೆಲ್ಲ ಉಪ್ಪುನೀರಿನಲ್ಲಿ ಮುಳುಗಿತು. ನವೆಂಬರ್ 1ರಂದು ಸಮುದ್ರದ ಕಡೆಯಿಂದ ಸೈನ್ಯ ಇಳಿಯಿತು. ನವೆಂಬರ್ 6ರಂದು ಡಿವಿಷನ್ನಿನ ಮುಖ್ಯಸ್ಥ ವಿಲ್‌ಹೆಲ್ಮ್ ಡಾಸರ್ ಮಿಡೆಲ್‌ಬರ್ಗ್ ಪಟ್ಟಣದಲ್ಲಿ ಶರಣಾದ. ವರ್ಷ ತುಂಬುವ ಮೊದಲೇ ಡಿವಿಷನ್ ಮುಗಿದುಹೋಯಿತು.

ಹೊಟ್ಟೆನೋವಿನಿಂದಲೇ ಅವರು ಸೋತರು ಎನ್ನುವುದು ಸರಿಯಲ್ಲ. ನೀರಿನಲ್ಲಿ ಮುಳುಗಿದ, ಸುತ್ತಲೂ ಶತ್ರುಗಳಿದ್ದ ದ್ವೀಪದಲ್ಲಿ ಗಟ್ಟಿಮುಟ್ಟಾದ ಸೈನಿಕರೂ ಹೆಚ್ಚು ದಿನ ನಿಲ್ಲುವುದು ಕಷ್ಟ.

ಪಥ್ಯದ ಹಿಂದಿನ ವಿಜ್ಞಾನ ಸರಿಯಿತ್ತೇ?

ಆಗ ಜಗತ್ತಿನ ಹೆಚ್ಚಿನ ವೈದ್ಯರು ಅಲ್ಸರ್‌ಗೆ ಆಮ್ಲ, ಮಾನಸಿಕ ಒತ್ತಡ ಮತ್ತು ಆಹಾರವೇ ಕಾರಣ ಎಂದು ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದರು. ಯಾರೂ ಸುಲಭವಾಗಿ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು, ಕೆಲವೇ ದಿನಗಳಲ್ಲಿ ಅವರ ಜಠರದಲ್ಲಿ ಉರಿಯೂತ ಕಾಣಿಸಿಕೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಈ ಬ್ಯಾಕ್ಟೀರಿಯಾ ಜಠರದ ಒಳಪದರವನ್ನು ದುರ್ಬಲಗೊಳಿಸುತ್ತದೆ. ಆಗ ನಮ್ಮದೇ ಆಮ್ಲ ಅಲ್ಲಿ ಹುಣ್ಣು ಮಾಡುತ್ತದೆ. ನೋವಿನ ಮಾತ್ರೆಗಳ ಅತಿಬಳಕೆ ಮತ್ತೊಂದು ಮುಖ್ಯ ಕಾರಣ. ಹಾಲು ಕುಡಿದರೆ ಸ್ವಲ್ಪ ಹೊತ್ತು ಉರಿ ತಗ್ಗಬಹುದು. ಆದರೆ ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಮತ್ತೆ ಆಮ್ಲ ಸುರಿಯುವಂತೆ ಮಾಡುತ್ತವೆ. ಖಾರ ಉರಿಯನ್ನು ಹೆಚ್ಚಿಸಬಹುದು, ಹುಣ್ಣನ್ನು ಹುಟ್ಟಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಪದೇಪದೇ ಹೊಟ್ಟೆ ಉರಿಯುತ್ತಿದ್ದರೆ ಪಥ್ಯದಲ್ಲೇ ಕಾಲ ತಳ್ಳಬೇಡಿ. ಉಸಿರಿನ ಅಥವಾ ಮಲದ ಪರೀಕ್ಷೆ, ಬೇಕಿದ್ದರೆ ಎಂಡೋಸ್ಕೋಪಿಯಿಂದ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಬಹುದು. ಇದ್ದರೆ ಆಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಔಷಧಗಳನ್ನು ವೈದ್ಯರು ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.