ಧಾರೆ ಆಗದೆ ರಿಜಿಸ್ಟ್ರು ಬ್ಯಾಡ ಕಣ್ರವ್ವ

ಹುಣಸೆಹಣ್ಣು ಕುಟ್ಟೋ ಕಾಲ ಬಂತು. ಹೋದ ವಾರ ಹಿತ್ಲಾಗೆ ಗೋಣಿಚೀಲ ಹಾಸ್ಕಂಡು ಬೀಜ ಬಿಡಿಸ್ತಾ ಕೂತಿದ್ದೆ. ನಮ್ಮ ಚಿಕ್ಕವ್ವನ ಮಗಳು ಬಂದು ಪಕ್ಕದಲ್ಲಿ ಕೂತ್ಕಂಡ್ಳು. ಹೆಸರು ಹಾಕಲ್ಲ, ಅವಳ್ನ ಕೇಳ್ಕಂಡೇ ಬರೀತಾ ಇದೀನಿ. ಅವಳ ಮಗಳಿಗೆ ಗಂಡು ಗೊತ್ತಾಗೈತೆ. ಹುಡುಗ ಜರ್ಮನಿನಾಗೆ ಕೆಲಸದಲ್ಲವ್ನೆ.

"ಅಕ್ಕಾ, ಯುಗಾದಿಗೆ ಹುಡುಗ ಹತ್ತು ದಿನ ಬಂದು ಹೋಗ್ತಾನಂತೆ. ಮದುವೆ ಕಾರ್ತಿಕದಲ್ಲಿ ಸೀಬಿ ನರಸಿಂಹಸ್ವಾಮಿ ಸನ್ನಿಧಿಲಿ ಮಾಡನ, ಈಗ ಆನ್‌ಲೈನಲ್ಲಿ ರಿಜಿಸ್ಟ್ರು ಮಾಡ್ಸಿಬಿಡನ, ಹುಡುಗಿಗೆ ವೀಸಾ ಬೇಗ ಆಗ್ತೈತೆ ಅಂತ ಬೀಗರು ಹೇಳವ್ರೆ. ಎಲ್ಲಾ ಮೊಬೈಲಾಗೇ ಆಗ್ತದಂತೆ. ಮಾಡ್ಸನಾ?"

ನಾನು ಬ್ಯಾಡ ಅಂದೆ. ಅವಳಿಗೆ ಸಿಟ್ಟು ಬಂತು. "ನಿಮಗೆ ಎಲ್ಲಾದ್ರಲ್ಲೂ ಅನುಮಾನಾನೇ" ಅಂತ ಎದ್ದು ಹೋದ್ಳು. ಮೂರು ದಿನ ಮಾತಿಲ್ಲ ಕತೆಯಿಲ್ಲ. ನಾನು ಓದಿರೋದು ಪಿಯುಸಿ, ವಕೀಲಳಲ್ಲ. ಆದ್ರೂ ಪೇಪರ್ ಓದ್ತೀನಿ, ತಿಳಿದೋರ್ನ ಕೇಳ್ತೀನಿ. ಯಾಕೆ ಬ್ಯಾಡ ಅಂದೆ ಅನ್ನೋದು ನಿಮಗೂ ಗೊತ್ತಿರ್ಲಿ.

ಮೊದ್ಲು ಆನ್‌ಲೈನ್ ಅಂದ್ರೆ ಏನು ಅಂತ ನೋಡನ. 2024ರ ಫೆಬ್ರವರಿಯಲ್ಲಿ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಬೆಂಗಳೂರಿನ ಮಲ್ಲೇಶ್ವರದಲ್ಲಿ ಹಿಂದೂ ಮದುವೆಗಳ ಆನ್‌ಲೈನ್ ನೋಂದಣಿ ಶುರು ಮಾಡಿದ್ರು. ಜಮೀನು ರಿಜಿಸ್ಟ್ರು ಮಾಡೋ ಕಾವೇರಿ 2.0 ಐತಲ್ಲ, ಅದ್ರಾಗೇ. ಹುಡುಗ ಹುಡುಗಿ ವಯಸ್ಸಿನ ದಾಖಲೆ, ಲಗ್ನಪತ್ರಿಕೆ, ಮದುವೆ ಫೋಟೊ ಬೇಕು, ಮೂವರು ಸಾಕ್ಷಿಗಳು ಬೇಕು. ಎಲ್ಲರೂ ಆಧಾರ್‌ಗೆ ಒಪ್ಪಿಗೆ ಕೊಟ್ರೆ ಆಫೀಸಿಗೆ ಅಲೆಯೋದು ತಪ್ತೈತೆ. ಇಲ್ದಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು. ಬಿಸಿಲಾಗೆ ಸಾಕ್ಷಿಗಳ್ನ ಕಟ್ಕಂಡು ದಿನವೆಲ್ಲ ಕಾಯೋರಿಗೆ ಇದು ಒಳ್ಳೇದೇ. ನಾನು ಬ್ಯಾಡ ಅಂದಿದ್ದು ಇದನ್ನಲ್ಲ.

ಆ ಅರ್ಜಿನಾಗೆ ಮದುವೆ ಯಾವತ್ತು ಆಯ್ತು, ಎಲ್ಲಿ ಆಯ್ತು ಅಂತ ಬರೀಬೇಕು. ಮದುವೆನೇ ಆಗದೆ ಏನಂತ ಬರೀತೀರಾ? ಸುಳ್ಳು ಬರೀಬೇಕು. ಅದಕ್ಕೆ ಮೂರು ಜನ ಸಾಕ್ಷಿ ಹೇಳ್ಬೇಕು. ಮಗಳ ಬಾಳು ಸುಳ್ಳಿಂದ ಶುರು ಮಾಡದಾ?

1955ರ ಹಿಂದೂ ವಿವಾಹ ಕಾಯ್ದೆ ಏನು ಹೇಳ್ತೈತೆ ಅಂದ್ರೆ, ಗಂಡಿನ ಕಡೆದೋ ಹೆಣ್ಣಿನ ಕಡೆದೋ ಪದ್ಧತಿ ಪ್ರಕಾರ ಶಾಸ್ತ್ರ ನಡೆದ್ರೇ ಮದುವೆ. ಸಪ್ತಪದಿ ಇರೋ ಪದ್ಧತಿಯಾದ್ರೆ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿ. ರಿಜಿಸ್ಟ್ರು ಅನ್ನೋದು ನಡೆದಿರೋ ಮದುವೆಗೆ ಸಾಕ್ಷಿ ಅಷ್ಟೆ. ಬೀಜ ಹಾಕದೆ ಬೆಳೆ ಪಹಣಿನಾಗೆ ಬರೆಸ್ದಂಗೆ ಆಗ್ತದೆ, ಶಾಸ್ತ್ರ ಇಲ್ದೆ ಸರ್ಟಿಫಿಕೇಟು ತಗಂಡ್ರೆ.

ಇದು ನನ್ನ ಮಾತಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿರೋದು. ನಮ್ಮ ಕರ್ನಾಟಕದೋರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ರು. ಉತ್ತರದ ಕಡೆಯ ಹುಡುಗ ಹುಡುಗಿ, ಇಬ್ರೂ ವಿಮಾನ ಓಡಿಸೋರು. ಶಾಸ್ತ್ರ ಆಮೇಲೆ ಅಂತ ಮೊದ್ಲೇ ಸರ್ಟಿಫಿಕೇಟು ಮಾಡ್ಸಿದ್ರು. ಶಾಸ್ತ್ರಕ್ಕೆ ಮುಂಚೇನೇ ಮನಸ್ತಾಪ ಬಂತು, ವರದಕ್ಷಿಣೆ ಕೇಸು, ಡೈವೋರ್ಸ್ ಕೇಸು ಅಂತ ಕೋರ್ಟು ಹತ್ತಿದ್ರು. ಕೊನೆಗೆ ಕೋರ್ಟು, ಮದುವೆನೇ ಆಗಿಲ್ಲ, ನಿಮ್ಮ ಸರ್ಟಿಫಿಕೇಟಿಗೆ ಬೆಲೆ ಇಲ್ಲ ಅಂತು. ಹೊರದೇಶಕ್ಕೆ ಹೋಗೋ ಅವಸರಕ್ಕೆ ಅಪ್ಪ ಅಮ್ಮಂದಿರೇ ಹಿಂಗೆ ಮೊದ್ಲೇ ರಿಜಿಸ್ಟ್ರು ಮಾಡ್ಸೋದು ಸರಿಯಲ್ಲ ಅಂತಲೂ ಆ ತೀರ್ಪಿನಾಗೆ ಐತೆ. ನಮ್ಮ ಬೀಗರು ಕೇಳ್ತಿರೋದೂ ಅದನ್ನೇ ತಾನೆ?

ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ಹುಡುಗಿ ಅತ್ತ ಹೆಂಡ್ತಿನೂ ಅಲ್ಲ, ಇತ್ತ ಮದುವೆ ಆಗದ ಮಗಳೂ ಅಲ್ಲ. ಜೀವನಾಂಶ ಕೇಳೋಕೆ ಹೋದ್ರೆ ಮದುವೆ ಎಲ್ಲಾಯ್ತು ಅಂತಾರೆ. ಬೇರೆ ಗಂಡು ನೋಡೋಕೆ ಹೋದ್ರೆ ಆ ಕಾಗದ ಅಡ್ಡ. ಹುಡುಗನಿಗೆ ಅಲ್ಲಿ ದೂರದಲ್ಲಿ ಯಾರೂ ಕೇಳೋರಿಲ್ಲ, ಊರ ಬಾಯಿಗೆ ಬೀಳೋಳು ಇವಳು.

ಶಾಸ್ತ್ರ ಬ್ಯಾಡ ಅನ್ನೋರಿಗೆ 1954ರ ವಿಶೇಷ ವಿವಾಹ ಕಾಯ್ದೆ ಐತೆ, ಯಾವ ಜಾತಿ ಧರ್ಮದೋರಾದ್ರೂ ಸರಿ. ಆದ್ರೆ ಅದಕ್ಕೆ 30 ದಿನದ ನೋಟಿಸು. ಆಮೇಲೆ ಅಧಿಕಾರಿ ಮುಂದೆ ಮೂವರು ಸಾಕ್ಷಿಗಳ ಜೊತೆ ನಿಲ್ಲಬೇಕು. ಹತ್ತು ದಿನದ ರಜಕ್ಕೆ ಆಗೋದಲ್ಲ. ವಿಡಿಯೊ ಕಾಲ್‌ನಾಗೆ ಮದುವೆ ಆದೋರು ಅವ್ರಲ್ಲ ಅಂತೀರೇನೊ. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಅಮೆರಿಕದಲ್ಲಿದ್ದ ಹುಡುಗನಿಗೆ ಒಪ್ಪಿಗೆ ಕೊಡ್ತು, ನಿಜ. ಅದು ಕೋರ್ಟಿಗೆ ಹೋಗಿ ಅಪ್ಪಣೆ ತಂದದ್ದು. ಎಲ್ಲರಿಗೂ ತೆರೆದಿಟ್ಟ ಬಾಗಿಲಲ್ಲ.

ಹಂಗಂತ ರಿಜಿಸ್ಟ್ರೇ ಬ್ಯಾಡ ಅನ್ನೋರಿಗೂ ಒಂದು ಮಾತು. ನಮ್ಮ ಅತ್ತಿಗೆ ಮದುವೆ ಆಗಿದ್ದು 1989ರಲ್ಲಿ, ಮನೆ ಮುಂದಿನ ಚಪ್ಪರದಾಗೆ. ಫೋಟೊ ಇಲ್ಲ, ಪತ್ರಿಕೆ ಇಲ್ಲ. ಅಣ್ಣ ಹೋದ್ಮೇಲೆ ನಾನೇ ಹೆಂಡ್ತಿ ಅಂತ ತೋರ್ಸೋಕೆ ಎಂಟು ತಿಂಗಳು ಆಫೀಸಿಂದ ಆಫೀಸಿಗೆ ತಿರುಗಿದ್ಳು. ರಿಜಿಸ್ಟ್ರು ಆಗಿಲ್ಲ ಅಂತ ಮದುವೆ ಸುಳ್ಳಾಗಲ್ಲ, ಕಾನೂನೂ ಹಂಗೇ ಹೇಳ್ತೈತೆ. ಆದ್ರೆ ದುಃಖದಾಗಿರೋ ಹೆಂಗಸು ಅದನ್ನ ಎಷ್ಟು ಜನಕ್ಕೆ ಬಿಡಿಸಿ ಹೇಳ್ಬೇಕು? ಎಲ್ಲಾ ಧರ್ಮದೋರ ಮದುವೆನೂ ನೋಂದಣಿ ಆಗ್ಬೇಕು ಅಂತ ಸುಪ್ರೀಂ ಕೋರ್ಟು 2006ರಲ್ಲೇ ಹೇಳೈತೆ. ನಮ್ಮ ಸಾಬರ ಬೀದಿ ಅಕ್ಕಂದಿರೂ ನಿಕಾಹ್‌ನಾಮ ಪೆಟ್ಟಿಗೆನಾಗೆ ಇಟ್ಟು ಸುಮ್ಮನಾಗ್ಬ್ಯಾಡಿ.

ಇನ್ನೊಂದು. ಹುಡುಗನಿಗೆ 21, ಹುಡುಗಿಗೆ 18 ತುಂಬಿರ್ಬೇಕು. ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದ್ಲಿಂದ್ಲೇ ಅಸಿಂಧು, ಅಂದ್ರೆ ಮದುವೆನೇ ಅಲ್ಲ. ಗುಡಿ ಹಿಂದೆ ಗುಟ್ಟಾಗಿ ತಾಳಿ ಕಟ್ಟಿಸಿ, ಆಮೇಲೆ ರಿಜಿಸ್ಟ್ರು ಮಾಡ್ಸನ ಅನ್ನೋ ಲೆಕ್ಕಾಚಾರ ನಡೆಯಲ್ಲ. ಅಂಥದು ಕಂಡ್ರೆ 1098ಕ್ಕೆ ಫೋನ್ ಮಾಡಿ.

ನಾಲ್ಕನೇ ದಿನ ನಾನೇ ಅವಳ ಮನೆಗೆ ಹೋದೆ. ಹೇಳ್ದೆ: "ತಂಗೀ, ಹುಡುಗ ಬಂದಾಗ ಲಗ್ನ ನೋಡ್ಸು. ಸೀಬಿನಾಗೆ ಎರಡೂ ಮನೆಯೋರು ಐವತ್ತು ಜನ ಸೇರಿ ಧಾರೆ ಎರೆದು ಮುಗಿಸ್ರಿ. ಫೋಟೊ ತೆಗೆಸ್ರಿ, ಅದೇ ವಾರ ಆನ್‌ಲೈನಲ್ಲಿ ಹಾಕ್ರಿ. ಊರಿಗೆಲ್ಲ ಊಟ ಕಾರ್ತಿಕದಲ್ಲಿ ಹಾಕಿದ್ರಾಯ್ತು. ಊಟ ತಡವಾದ್ರೆ ನಡೀತದೆ, ಧಾರೆ ತಡವಾಗಿ ಕಾಗದ ಮೊದ್ಲಾಗ್ಬಾರ್ದು."

ಅವಳು ಮಾತಾಡ್ಲಿಲ್ಲ, ಕಾಫಿ ತಂದಿಟ್ಳು. ನಿನ್ನೆ ಬೀಗರಿಗೆ ಫೋನ್ ಮಾಡಿ ಹಿಂಗೆ ಮಾಡನ ಅಂತ ಕೇಳವ್ಳೆ. ಯೋಚನೆ ಮಾಡಿ ಹೇಳ್ತೀವಿ ಅಂದವ್ರಂತೆ. ಧಾರೆಗೆ ಒಪ್ಪದೆ ಬರೀ ಕಾಗದವೇ ಬೇಕು ಅಂದ್ರೆ, ಆ ಮನೆ ವಿಚಾರ ಇನ್ನೊಂದು ಸಲ ವಿಚಾರಿಸೋದು ವಾಸಿ ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?