ಚೀಲದ ಗೊಬ್ಬರ, ಬುಟ್ಟಿಯ ಗೊಬ್ಬರ

ಎಣ್ಣೆಯ ಬೆಳೆಯೆಂದರೆ ಬಯಲುಸೀಮೆಯವರಿಗೆ ನೆಲಗಡಲೆ, ಎಳ್ಳು. ಸೀತಾಂಗೋಳಿಯ ನಮಗೆ ತೆಂಗು. ಈ ತೆಂಗಿಗೆ ಇನ್ನು ಚೀಲದ ಗೊಬ್ಬರ ಬೇಡ, ಸೊಪ್ಪು, ಸೆಗಣಿ, ಎರೆಗೊಬ್ಬರವೇ ಸಾಕು ಎಂಬ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ನಾವು ಅದಕ್ಕೆ ವಿರೋಧಿಗಳಲ್ಲ. ಆದರೆ ಅದರ ಹಿಂದೆ ಒಂದು ಹೊರೆಯ ಲೆಕ್ಕವಿದೆ. ಹೊರುವವರು ನಾವಾದುದರಿಂದ ಅದನ್ನು ನಾವೇ ಹೇಳಬೇಕಾಗಿದೆ.

ಕಾಸರಗೋಡಿನಲ್ಲಿ 1916ರಿಂದಲೇ ತೆಂಗಿನ ಸಂಶೋಧನೆ ನಡೆದುಬಂದಿದೆ. 1970ರಿಂದ ಅದು ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಬೆಳೆದ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಬೇಕೆಂಬುದು ಅಲ್ಲಿಯ ಶಿಫಾರಸು. ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ಹೇಳಿಕೊಟ್ಟವರೂ ಅವರೇ. ಮಡಲಿನ ತೂಕದ ಹತ್ತರಲ್ಲೊಂದು ಪಾಲು ಸೆಗಣಿ ಬೆರಸಿ, ಇಲ್ಲಿಯೇ ದೊರೆತ ಯೂಡ್ರಿಲಸ್ ಜಾತಿಯ ಎರೆಹುಳ ಬಿಟ್ಟರೆ ಎರಡೂವರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಒಂದು ಹೆಕ್ಟೇರಿನ 175 ಮರಗಳಿಂದ ವರ್ಷಕ್ಕೆ 6ರಿಂದ 8 ಟನ್ನು ಮಡಲು ಬೀಳುತ್ತದೆ. ಅದರ ನೂರಕ್ಕೆ 70 ಪಾಲು ಗೊಬ್ಬರವಾಗುತ್ತದೆ. ಮರವೊಂದಕ್ಕೆ ಸುಮಾರು 25ರಿಂದ 30 ಕಿಲೋ ಆಯಿತು. ಸಾರಜನಕ ಅದರಲ್ಲಿ ನೂರಕ್ಕೆ 1.8ರಷ್ಟಿದೆ. ಅಂದರೆ ಮರ ಕೇಳುವಷ್ಟು ಸಾರಜನಕವನ್ನು ಅದರ ಮಡಲೇ ಹೆಚ್ಚುಕಡಿಮೆ ತಿರುಗಿ ಕೊಡುತ್ತದೆ. ಇದು ಸಣ್ಣ ಸಂಗತಿಯಲ್ಲ.

ಪೊಟ್ಯಾಷಿನ ಮಾತು ಬೇರೆ. ಅಷ್ಟು ಎರೆಗೊಬ್ಬರದಲ್ಲಿ ನೂರು ಗ್ರಾಂ ಪೊಟ್ಯಾಷೂ ಇರುವುದಿಲ್ಲ. ತೆಂಗಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೋ ಅದೇ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಅದು ಮೊದಲೇ ಕಡಿಮೆ. ಇರುವುದನ್ನೂ ಆಟಿಯ ಮಳೆ ತೊಳೆದೊಯ್ಯುತ್ತದೆ. ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳವಾಗಿದೆ. ಸಾಲುಗಳ ನಡುವೆ ಚರಂಡಿ ತೆಗೆದು ಸಿಪ್ಪೆ ಹೂಳುವುದು ಹಳೆಯ ಪದ್ಧತಿ. ಸಿಪ್ಪೆಯನ್ನು ಲಾರಿಗೆ ಹಾಕಿ ಮಾರಿಬಿಟ್ಟು, ತೋಟ ಸಾವಯವ ಎಂದು ಬೋರ್ಡು ತೂಗಿಸಿದರೆ ಮರ ನಾಲ್ಕೈದು ವರ್ಷದಲ್ಲಿ ಬಡವಾದೀತು. ಮರ ಬಡವಾದರೆ ಕೊಯ್ಲಿನ ಕೆಲಸವೂ ಕಡಿಮೆ.

ಬುಡದಲ್ಲಿ ಹಸಿರುಗೊಬ್ಬರ ಬೆಳೆಯುವುದು ಇದಕ್ಕಿಂತ ಸುಲಭದ ಕೆಲಸ. ಮಳೆ ಹಿಡಿಯುವಾಗ ಅಲಸಂಡೆಯನ್ನೋ ಕೆಲಪೊಗೋನಿಯಂ ಬಳ್ಳಿಯನ್ನೋ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಬೇರಿನ ಗಂಟುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯಿಂದ ಹಿಡಿದ ಸಾರಜನಕ ನೂರಿನ್ನೂರು ಗ್ರಾಂ ಮರಕ್ಕೆ ಸಿಗುತ್ತದೆ. ತಲೆಹೊರೆ ಇಲ್ಲ. ಇದನ್ನು ಯಾಕೆ ಹೆಚ್ಚು ಮಾಡುವುದಿಲ್ಲವೋ!

ಎಲ್ಲವನ್ನೂ ಒಂದೇ ದಿನದಲ್ಲಿ ಬದಲಿಸಿದರೆ ಏನಾಗುತ್ತದೆಂದು ಶ್ರೀಲಂಕಾದಲ್ಲಿ ನೋಡಿದ್ದೇವೆ. 2021ರ ಮೇ ತಿಂಗಳಲ್ಲಿ ಅಲ್ಲಿಯ ಸರಕಾರ ರಾಸಾಯನಿಕ ಗೊಬ್ಬರ ತರಿಸುವುದನ್ನು ನಿಲ್ಲಿಸಿತು. ನವೆಂಬರಿನಲ್ಲಿ ಆಜ್ಞೆ ಹಿಂತೆಗೆಯಿತು. ಮರುವರ್ಷ ತೇಯಿಲೆಯ ಉತ್ಪನ್ನ ಕುಸಿಯಿತು. ಕಿಲೋ ಲೆಕ್ಕದಲ್ಲಿ ಎಲೆ ಚಿವುಟುವ ಎಸ್ಟೇಟಿನ ಹೆಂಗಸರಿಗೆ ಇದು ಪತ್ರಿಕೆಯ ಸುದ್ದಿಯಲ್ಲ, ಸಂಬಳದ ಸಂಗತಿ.

ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ರಾಸಾಯನಿಕ ಎಂದರೆ ನಮ್ಮವರಿಗೆ ಭಯ ಹುಟ್ಟುವುದು ಸಹಜ. ಆದರೆ ಅದು ಕೀಟನಾಶಕ, ಇದು ಗೊಬ್ಬರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಈಗ ಹೊರೆಯ ಲೆಕ್ಕ. ಆ ಒಂದು ಹೆಕ್ಟೇರಿಗೆ ಯೂರಿಯಾ, ಪೊಟ್ಯಾಷ್ ಎರಡೂ ಸೇರಿ ಸುಮಾರು 12 ಚೀಲ. ಎರೆಗೊಬ್ಬರವಾದರೆ 5 ಟನ್ನಿನ ಹತ್ತಿರ. 25 ಕಿಲೋದ ಬುಟ್ಟಿಯಲ್ಲಿ 200 ಸಲ ನಡೆಯಬೇಕು. ಅದಕ್ಕಿಂತ ಮೊದಲು ಮಡಲು ಹೆಕ್ಕಬೇಕು, ಕಡಿಯಬೇಕು, ತೊಟ್ಟಿ ತುಂಬಬೇಕು, ನೀರು ಚಿಮುಕಿಸಬೇಕು. ಹೆಚ್ಚಿನದೆಲ್ಲ ನಮ್ಮ ಅಕ್ಕತಂಗಿಯರ ತಲೆಯ ಮೇಲೆ. ಅಂಜೂರದ ಮರದ ಸಾಮ್ಯದಲ್ಲಿಯೂ ಬುಡ ಅಗೆದು ಗೊಬ್ಬರ ಹಾಕುತ್ತೇನೆಂದವನು ಕೆಲಸಗಾರನೇ, ಯಜಮಾನನಲ್ಲ. ಗೊಬ್ಬರದಂಗಡಿಗೆ ಕೊಡುತ್ತಿದ್ದ ಹಣ ಉಳಿಯಿತು, ಸಾವಯವ ಎಂಬ ಚೀಟಿ ಅಂಟಿಸಿದ ಎಣ್ಣೆಗೆ ಹೆಚ್ಚು ಬೆಲೆಯೂ ಬಂತು ಎಂದಾದರೆ ಅದರಲ್ಲಿ ಬುಟ್ಟಿಗೆ ಪಾಲು ಬೇಡವೇ?

ಆದುದರಿಂದ ಸೆಪ್ಟೆಂಬರಿನಲ್ಲಿ ಬುಡ ಬಿಡಿಸುವ ಕೆಲಸ ಹಿಡಿಯುವ ಮೊದಲೇ ಧನಿಗಳಲ್ಲಿ ಕುಳಿತು ಮಾತಾಡಬೇಕು. ಎರೆಗೊಬ್ಬರದ ತೊಟ್ಟಿ ಬಂಗಲೆಯ ಹಿಂದೆ ಬೇಡ, ತೋಟದ ನಡುವೆ ಇರಲಿ. ಕೈಗಾಡಿ ಕೊಡಲಿ. ಮರಕ್ಕೆ ಇಷ್ಟು ಎಂಬ ಹಳೆಯ ಗುತ್ತಿಗೆ ದರ ಚೀಲದ ಗೊಬ್ಬರದ್ದು. ಬುಟ್ಟಿಯ ಕೆಲಸಕ್ಕೆ ದಿನಗೂಲಿಯೇ ಆಗಬೇಕು. ಇನ್ನೊಂದು, ಮಡಲು. ಅಡುಗೆಗೆ ಗ್ಯಾಸು ಬಂದರೂ ನಮ್ಮ ಬಚ್ಚಲ ಒಲೆ ಉರಿಯುವುದು ಅದರಿಂದಲೇ. ಒಂದನ್ನೂ ಮನೆಗೆ ಕೊಂಡುಹೋಗಕೂಡದು ಎಂದರೆ ಒಪ್ಪಲಾಗದು. ಸುಟ್ಟಾಗ ಹೋಗುವುದು ಸಾರಜನಕ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯನ್ನು ಮಳೆಗೆ ನೆನೆಯದಂತೆ ಡಬ್ಬದಲ್ಲಿ ಕೂಡಿಟ್ಟು ತೋಟಕ್ಕೆ ಕೊಡಲು ನಾವು ಸಿದ್ಧರಿದ್ದೇವೆ.