ಸಕ್ಕರ್ ಮೀನು ತರುವ ಮುನ್ನ…

ಅಕ್ವೇರಿಯಂ ಗಾಜು ಹಸಿರುಗಟ್ಟಿದೆ ಅಂದ ಕೂಡಲೇ ಅಂಗಡಿಯವನು ತೋರಿಸುವುದು ‘ಸಕ್ಕರ್’ ಮೀನನ್ನು. “ಇದೊಂದು ಬಿಡಿ ಮೇಡಂ, ತೊಟ್ಟಿ ತೊಳೆಯೋ ಕೆಲಸಾನೇ ಇರಲ್ಲ” ಅಂತಾನೆ. ಸಂಬಳವಿಲ್ಲದ ಆಳು ಸಿಕ್ಕಿತೆಂದು ಖುಷಿಪಡಬೇಡಿ, ಸ್ವಲ್ಪ ತಾಳಿ.

ಬೆರಳುದ್ದ ಕಾಣುವ ಆ ಕಪ್ಪು ಮೀನು ದಕ್ಷಿಣ ಅಮೆರಿಕದ ನದಿಗಳದ್ದು. ಬೆಳೆದರೆ ಒಂದೂವರೆ ಅಡಿಯಾಗುತ್ತದೆ! ನಿಮ್ಮ ಹಾಲ್‌ನ ಎರಡಡಿ ತೊಟ್ಟಿಯಲ್ಲಿ ಅದು ಹೊರಳುವುದಾದರೂ ಹೇಗೆ? ಮರಿಯಾಗಿದ್ದಾಗ ಪಾಚಿ ಕೆರೆಯುವುದೇನೋ ನಿಜ. ದೊಡ್ಡದಾಗುತ್ತಾ ಆ ಉತ್ಸಾಹ ಇಳಿಯುತ್ತದೆ. ಹಾಕುವ ಹಿಕ್ಕೆಯೋ, ದಾರದಂತೆ ರಾಶಿ ರಾಶಿ. ಅದೇ ಮತ್ತೆ ಪಾಚಿಗೆ ಗೊಬ್ಬರ.

“ಪಾಚಿ ತಿನ್ಕೊಂಡಿರುತ್ತೆ ಬಿಡಿ” ಅಂತ ಬೇರೇನೂ ಹಾಕದವರೇ ಹೆಚ್ಚು. ಗಾಜು ಸ್ವಚ್ಛವಾದ ಮೇಲೆ ಅದು ತಿನ್ನುವುದೇನನ್ನು? ಹೊಟ್ಟೆ ಒಳಸೇರಿ, ಸೊರಗಿ ಸಾಯುತ್ತದೆ. ಈಗಾಗಲೇ ತಂದಿದ್ದರೆ, ರಾತ್ರಿ ಲೈಟ್ ಆರಿಸಿದ ಮೇಲೆ ತಳಕ್ಕೆ ಮುಳುಗುವ ಬಿಲ್ಲೆಯನ್ನೋ, ಬೇಯಿಸಿದ ಸೌತೆಕಾಯಿ ಹೋಳನ್ನೋ ಹಾಕಿ. ಉಳಿದಿದ್ದನ್ನು ಬೆಳಿಗ್ಗೆ ತೆಗೆದುಬಿಡಿ.

ಹಳದಿ ಬಣ್ಣದ ‘ಚೈನೀಸ್ ಆಲ್ಗೀ ಈಟರ್’ ನೋಡಲು ಚೆಂದ, ಆದರೆ ಇನ್ನೂ ತರಲೆ. ಬೆಳೆದಂತೆ ಗೋಲ್ಡ್‌ಫಿಶ್, ಏಂಜೆಲ್‌ಗಳ ಮೈಗಂಟಿಕೊಂಡು ಲೋಳೆ ಹೀರುತ್ತದೆ. ಬೇಕೇ ಬೇಕು ಅನ್ನುವವರಿಗೆ ಐದಾರು ಇಂಚಿಗೆ ನಿಲ್ಲುವ ಬ್ರಿಸಲ್‌ನೋಸ್ ವಾಸಿ. ಕೆರೆದು ತಿನ್ನಲು ತೊಟ್ಟಿಯಲ್ಲೊಂದು ಮರದ ಬೇರಿಡಿ.

ನನ್ನ ಕೇಳಿದರೆ ಪಾಚಿಗೆ ಮೀನಿನ ಮದ್ದೇ ಬೇಡ. ಪಾಚಿ ಹಬ್ಬುವುದು ಬೆಳಕು, ಊಟ ಎರಡೂ ಅತಿಯಾದಾಗ. ಕಿಟಕಿ ಬಿಸಿಲು ಬೀಳದ ಕಡೆ ತೊಟ್ಟಿ ಇಡಿ. ಲೈಟು ದಿನಕ್ಕೆ 8 ಗಂಟೆಗಿಂತ ಹೆಚ್ಚು ಬೇಡ. ಎರಡು ಮೂರು ನಿಮಿಷದಲ್ಲಿ ಮೀನುಗಳು ಖಾಲಿ ಮಾಡುವಷ್ಟೇ ಆಹಾರ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಬೆರೆಸಿ. ಸೋಪು ತಾಗದ ಸ್ಪಂಜಿನಿಂದ ಗಾಜು ಉಜ್ಜಿದರಾಯಿತು. ಈ ಕೆಲಸವನ್ನೂ ನೀವೇ ಹೊತ್ತುಕೊಳ್ಳಬೇಡಿ ಕಣ್ರೀ. ಮೀನು ಬೇಕೆಂದು ಹಠ ಹಿಡಿದವರು ಮಕ್ಕಳು ಮತ್ತು ಅವರಪ್ಪ ತಾನೇ?

ಸಕ್ಕರ್ ದೊಡ್ಡದಾಯ್ತು ಅಂತ ‘ಪುಣ್ಯ ಬರುತ್ತೆ’ ಎಂದು ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಹೊರಬಿದ್ದ ಮೀನುಗಳೇ ಕೇರಳ, ತಮಿಳುನಾಡು, ಆಂಧ್ರದ ನೀರಿನಲ್ಲಿ ಸಂಸಾರ ಹೂಡಿವೆ. ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತದೆ, ದಡ ಕೊರೆದು ಗೂಡು ಮಾಡುತ್ತದೆ, ನಮ್ಮ ಮೀನುಗಳ ಮೇವಿಗೂ ಪಾಲುದಾರ. ಕೊಂಡ ಅಂಗಡಿಗೇ ವಾಪಸು ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ.